ಎರಡು ಬೆರಳಿನ ಹಿಡಿತ

ಪ್ರೀತಿಯ ಅಕ್ಕನಿಗೆ,

ಅಕ್ಷರ ಸೊಟ್ಟಗಿವೆ, ಬೈಯಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈ, ಅದೂ ವೆಲ್ಡಿಂಗ್ ಮಾಡಿ ಮಾಡಿ ಬಿರುಸಾದ ಕೈ. ಒತ್ತಕ್ಷರ ತಪ್ಪಿದ ಕಡೆ ನೀನೇ ಸರಿಮಾಡಿಕೊಂಡು ಓದು. ಗೋಡೆಯಾಚೆ ಮಲಗಿರುವವಳಿಗೆ ಕಾಗದ ಬರೆಯುವುದು ನನಗೇ ವಿಚಿತ್ರ ಅನಿಸುತ್ತದೆ. ಆದರೆ ನಿನ್ನೆದುರು ನಿಂತರೆ ನೀನು ನಗುತ್ತೀಯ, ನಾನೂ ನಕ್ಕುಬಿಡುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿಯುತ್ತದೆ. ಕಾಗದ ಹಾಗಲ್ಲ, ನೀನು ನಕ್ಕರೂ ಅದು ಬಾಯಿ ಮುಚ್ಚುವುದಿಲ್ಲ.

ಮೊದಲು ಮುಖ್ಯವಾದದ್ದು ಹೇಳಿಬಿಡುತ್ತೇನೆ. ಇವತ್ತು ಟ್ರ್ಯಾಕ್ಟರಿಗೆ ಆ ಮೂವರ್ ಯಂತ್ರ ಕಟ್ಟಿಕೊಂಡು ಕಾಲುವೆ ಏರಿಯ ಹುಲ್ಲು ಕತ್ತರಿಸಲು ಹೋಗಬೇಡ. ಶಾಫ್ಟ್ ಗಿಡ್ಡವಾಗಿದೆ.

ಆ ಯಂತ್ರವನ್ನು ನೀನು ಮನೆಗೆ ತಂದ ದಿನ ನೆನಪಿದೆಯಲ್ಲ? ಇಳಿಸಿ ನೋಡಿದರೆ ಅದರ ಕೊಂಡಿಯೇ ಬೇರೆ. ನಮ್ಮ ಟ್ರ್ಯಾಕ್ಟರಿಗೆ ಹಿಂದೆ ಎರಡು ತೋಳು, ಮೇಲೊಂದು ಸರಳು, ಪಿನ್ ಹಾಕಿ ಕಟ್ಟುವ ಹಳೇ ಏರ್ಪಾಡು. ಅದಕ್ಕೋ ಮೂರು ಕೊಕ್ಕೆ, ಯಾವುದೋ ಚೌಕಟ್ಟಿಗೆ ನೇತುಹಾಕುವಂಥವು. ನೀನು ಸೊಂಟದ ಮೇಲೆ ಕೈಯಿಟ್ಟು, "ಒಳ್ಳೇ ಸಂಬಂಧ ತಂದೆ ನೋಡು, ಹುಡುಗ ಈ ಕಡೆ, ಹುಡುಗಿ ಆ ಕಡೆ" ಅಂದೆ. ನಮ್ಮ ಸೋದರಮಾವ ವೆಲ್ಡಿಂಗ್ ಶೆಡ್ಡಿನ ಬಾಗಿಲಲ್ಲೇ ನಿಂತು, "ಮದುವೆ ಮಾಡ್ಸೋಕೆ ನಾವಿದೀವಲ್ಲಮ್ಮ" ಅಂದರು.

ಆ ಮದುವೆಗೆ ಮಾವನೂ ನಾನೂ ಪಟ್ಟ ಪಾಡು ನೀನು ಕಂಡಿದ್ದೀಯ. ಹಳೇ ನೇಗಿಲಿನ ದಪ್ಪ ಪಟ್ಟಿ ಕತ್ತರಿಸಿ, ಎರಡರ ನಡುವೆ ಒಂದು ಚೌಕಟ್ಟು ಮಾಡಿದೆವು. ಈ ಬದಿ ಟ್ರ್ಯಾಕ್ಟರಿನ ಪಿನ್ ಹಿಡಿಯುತ್ತದೆ, ಆ ಬದಿ ಕೊಕ್ಕೆ ಕೂರುತ್ತದೆ. ಬೆಸುಗೆಯ ಬಗ್ಗೆ ನನಗೆ ಭಯವಿಲ್ಲ. ಮಾವ ಅದರ ಮೇಲೆ ಹತ್ತಿ ಕುಣಿದರೂ ಕೂದಲೆಳೆಯಷ್ಟು ಬಿರುಕು ಬಿಡಲಿಲ್ಲ. ಕೊಕ್ಕೆಗಳು ಟಕ್ಕೆಂದು ಕೂತಾಗ ಅವರು ಖುಷಿಯಿಂದ ನನ್ನ ಬೆನ್ನಿಗೆ ಬಾರಿಸಿದ್ದು ಇನ್ನೂ ಚುರುಗುಟ್ಟುತ್ತಿದೆ. ಆ ಸಂಭ್ರಮದಲ್ಲಿ ನಾವಿಬ್ಬರೂ ಒಂದನ್ನು ನೋಡಲೇ ಇಲ್ಲ. ನಡುವೆ ಚೌಕಟ್ಟು ಬಂದದ್ದರಿಂದ ಮೂವರ್ ಒಂದು ಗೇಣು ಹಿಂದೆ ಸರಿಯಿತು. ಶಾಫ್ಟ್ ಮಾತ್ರ ಇದ್ದಷ್ಟೇ ಉದ್ದ ಇದೆ.

ಶಾಫ್ಟ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ, ನಿನಗೆ ಹೇಳಬೇಕಿಲ್ಲ. ಟ್ರ್ಯಾಕ್ಟರಿನ ಶಕ್ತಿಯೆಲ್ಲ ಅದರಲ್ಲೇ ತಿರುಗಿಕೊಂಡು ಬ್ಲೇಡಿಗೆ ಹೋಗಬೇಕು. ಮೊನ್ನೆ ಅಂಗಳದಲ್ಲಿ ಓಡಿಸಿ ನೋಡಿದಾಗ ಎಲ್ಲ ಚಂದವಿತ್ತು. ನೀವೆಲ್ಲ ಒಳಗೆ ಹೋದ ಮೇಲೆ, ಗ್ರೀಸ್ ಹಚ್ಚೋಣವೆಂದು ನಾನು ಶಾಫ್ಟ್ ಬಿಚ್ಚಿದೆ. ಒಳಗಿನ ಕೊಳವೆಯ ಮೇಲೆ ತುಕ್ಕು ಇದ್ದ ಹಾಗೇ ಇತ್ತು. ತುದಿಯಲ್ಲಿ ಮಾತ್ರ ಉಜ್ಜಿಕೊಂಡು ಬೆಳ್ಳಿಯಂತೆ ಹೊಳೆಯುತ್ತಿತ್ತು. ಬೆರಳಿಟ್ಟು ನೋಡಿದೆ. ಎರಡೇ ಬೆರಳು. ಒಂದು ಕೊಳವೆ ಇನ್ನೊಂದನ್ನು ಹಿಡಿದುಕೊಂಡಿದ್ದು ಅಷ್ಟೇ ಜಾಗದಲ್ಲಿ, ಅಕ್ಕ.

ಅಂಗಳ ಸಪಾಟು. ಏರಿ ಹಾಗಿಲ್ಲ, ಅದರ ಮೈತುಂಬ ನೀರು ಕೊರೆದ ತಗ್ಗುಗಳು. ಟ್ರ್ಯಾಕ್ಟರ್ ತಗ್ಗು ದಾಟಿ ಮುಂದೆ ಹೋಗುತ್ತದೆ, ಹಿಂದಿನ ಮೂವರ್ ತಗ್ಗಿಗೆ ಇಳಿಯುತ್ತದೆ, ಶಾಫ್ಟ್ ಇನ್ನಷ್ಟು ಎಳೆದುಕೊಳ್ಳುತ್ತದೆ. ಆ ಎರಡು ಬೆರಳೂ ಕಳಚಿದರೆ? ಟ್ರ್ಯಾಕ್ಟರಿಗೆ ಸಿಕ್ಕಿಸಿದ ಅರ್ಧ ನಿಲ್ಲುವುದಿಲ್ಲ. ಅದು ತಿರುಗುತ್ತಲೇ ಇರುತ್ತದೆ, ಆಚೆ ತುದಿ ಹಿಡಿಯುವವರಿಲ್ಲದೆ ಕಬ್ಬಿಣದ ಕೊಳವೆ ಸಿಕ್ಕಸಿಕ್ಕಲ್ಲಿ ಬೀಸುತ್ತದೆ. ನಿನ್ನ ಸೀಟಿನ ಬೆನ್ನಿಗೇ. ಮಡ್‌ಗಾರ್ಡಿನ ಮೇಲೆ ನಿನ್ನ ಪುಟ್ಟಿ ಕೂತಿರುತ್ತಾಳೆ, ನಿನ್ನ ತೋಳು ಹಿಡಿದುಕೊಂಡು.

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಹೊರಗೆ ಹೋಗಿ ನೀರು ಕುಡಿದು ಬಂದೆ.

ನಿನ್ನೆ ಊಟದ ಹೊತ್ತಿಗೆ ಹೇಳಿದೆನಲ್ಲ. "ಅಕ್ಕಾ, ಶಾಫ್ಟು ಸಾಲದು ಅನ್ಸುತ್ತೆ" ಅಂದೆ. "ಯಾವುದಕ್ಕೆ ಸಾಲದು? ನಿನ್ನ ಧೈರ್ಯಕ್ಕಾ?" ಅಂದೆ ನೀನು. ಮಾವ ತುತ್ತು ನೆತ್ತಿಗೇರುವಷ್ಟು ನಕ್ಕರು. "ಅವ್ನಿಗೆ ಶಾಫ್ಟ್ ಕಂಡ್ರೇ ಆಗಲ್ಲ ಕಣೇ. ಅವತ್ತು ಅಂಗಿ ಬಿಚ್ಚಿಸ್ಕೊಂಡಿದ್ದು ಇನ್ನೂ ಮರ್ತಿಲ್ಲ." ಪುಟ್ಟಿ ಕೂಡ "ಪುಕ್ಲು ಮಾಮ, ಪುಕ್ಲು ಮಾಮ" ಎಂದು ತಟ್ಟೆ ಬಡಿದಳು. ನಾನು ತಲೆ ತಗ್ಗಿಸಿ ಉಂಡೆ.

ಹೌದು, ಮರೆತಿಲ್ಲ. ಅವತ್ತು ಕಾಳು ಬಡಿಯುವ ಯಂತ್ರದ ಹತ್ತಿರ ನಾನೊಬ್ಬನೇ ನಿಂತಿದ್ದೆ, ನೀವು ದೂರದಿಂದ ನೋಡಿದವರು. ಯಾರೋ ಹಿಂದಿನಿಂದ ಕರೆಯುವ ಹಾಗೆ, ಶಾಫ್ಟ್ ಮೆತ್ತಗೆ ನನ್ನ ಅಂಗಿಯ ಅಂಚು ಹಿಡಿಯಿತು. ತಿರುಗಿ ನೋಡುವಷ್ಟರಲ್ಲಿ ಮೈಮೇಲೆ ಅಂಗಿಯೇ ಇರಲಿಲ್ಲ. ಬರೀ ಮೈಯಲ್ಲಿ ನಿಂತ ನನ್ನನ್ನು ನೋಡಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿರಿ. ಗುಂಡಿಗಳು ಗಟ್ಟಿಯಿದ್ದಿದ್ದರೆ ಅಂಗಿಯ ಜೊತೆ ನಾನೂ ಸುತ್ತಿಕೊಳ್ಳುತ್ತಿದ್ದೆ. ಆ ಗುಂಡಿ ಹೊಲಿದವಳು ನೀನು. ಎಂಥ ಕೆಟ್ಟ ಹೊಲಿಗೆ, ಅವಸರದ ಒಂದೇ ಎಳೆ. ಅದರಿಂದಲೇ ಬದುಕಿದ್ದೇನೆ ಎಂದು ನಿನಗೆ ಇದುವರೆಗೂ ಹೇಳಿಲ್ಲ.

ಅಮ್ಮ ತೀರಿಕೊಂಡ ವರ್ಷ, ಗುಡುಗಿಗೂ ಕತ್ತಲಿಗೂ ನಾನು ಅಳುತ್ತಿದ್ದಾಗ ನೀನು ಒಂದು ಮಾತು ಹೇಳಿದ್ದೆ: "ನನ್ನ ಪಾಲಿನ ಭಯಾನೂ ನೀನೇ ಇಟ್ಕೊಳ್ಳೋ, ನಂಗೆ ಕೆಲಸ ಇದೆ." ಇಟ್ಟುಕೊಂಡಿದ್ದೇನೆ, ಅಕ್ಕ. ಇಬ್ಬರದ್ದೂ ಸೇರಿ ಬಹಳ ಭಾರವಾಗಿದೆ.

ಅದಕ್ಕೇ ಶಾಫ್ಟ್ ಬಿಚ್ಚಿಕೊಂಡು ಮೊದಲ ಬಸ್ಸಿಗೆ ಹೋಗುತ್ತಿದ್ದೇನೆ. ಪೇಟೆಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗ ಮಾರುವ ಅಂಗಡಿಯಿದೆ, ಉದ್ದದ್ದು ಸಿಗಬಹುದು. ಸಿಗದೆಯೂ ಹೋಗಬಹುದು. ಎಂಟಕ್ಕೆಲ್ಲ ಕಾಲುವೆಯ ಮೇಸ್ತ್ರಿ ಏರಿಯ ಮೇಲೆ ಬಂದು ನಿಲ್ಲುತ್ತಾನೆ, ನೀನು ಕಾಣದಿದ್ದರೆ ಕೆಲಸ ಬೇರೆಯವರಿಗೆ ಕೊಡುತ್ತಾನೆ ಎಂದು ಗೊತ್ತು. ಈ ಕೆಲಸಕ್ಕಾಗಿ ನೀನು ಅವನ ಹಿಂದೆ ಎಷ್ಟು ಅಲೆದೆ ಎಂದೂ ಗೊತ್ತು. ಅದು ಕೈತಪ್ಪಿದರೆ ಜೀವಮಾನವಿಡೀ ನನ್ನನ್ನು ಆಡಿಕೋ. ಆಡಿಕೊಳ್ಳಲು ನೀನಿರಬೇಕು, ಅಷ್ಟೇ.

ಇನ್ನೊಂದು ಹೆದರಿಕೆ ಇದೆ. ಮಾವನ ಶೆಡ್ಡಿನ ಮೂಲೆಯಲ್ಲಿ ಆ ಕಾಳು ಬಡಿಯುವ ಯಂತ್ರದ ಶಾಫ್ಟ್ ಬಿದ್ದಿದೆ. ಅದು ಇನ್ನೂ ತುಸು ಗಿಡ್ಡ, ಆದರೂ ಹೇಗೋ ಎಳೆದು ಸಿಕ್ಕಿಸಬಹುದು. ನಾನು ಹೋದ ಕೂಡಲೇ ನಿನಗೆ ಅದೇ ಹೊಳೆಯುತ್ತದೆ. ಬಚ್ಚಿಡೋಣವೆಂದು ಹೋದೆ. ಶೆಡ್ಡಿಗೆ ಬೀಗ, ಬೀಗದ ಕೈ ಮಾವನ ಸೊಂಟದಲ್ಲಿ. ಹಾಗಾಗಿ ಬೇಡಿಕೊಳ್ಳುವುದೊಂದೇ ಉಳಿದಿದೆ. ಅದನ್ನು ಹಾಕಬೇಡ. ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಹಾಕಬೇಡ. ಬಸ್ಸಿನಲ್ಲಿ ಕೂತರೂ ನನ್ನ ಕಿವಿ ಇಲ್ಲೇ ಇರುತ್ತದೆ, ಟ್ರ್ಯಾಕ್ಟರ್ ಶುರುವಾಯಿತೇ ಎಂದು.

ಕಾಗದವನ್ನು ಸ್ಟೇರಿಂಗಿಗೆ ಕಟ್ಟಿ ಹೋಗುತ್ತೇನೆ. ಚಿಕ್ಕವನು ದೊಡ್ಡವರನ್ನು ಹರಸಬಾರದೇನೋ, ಆದರೂ ಇವತ್ತೊಂದು ದಿನ ಹರಸುತ್ತೇನೆ. ನೀನೂ ಪುಟ್ಟಿಯೂ ನೂರು ಕಾಲ ಮೈ ಕೈ ನೆಟ್ಟಗಿದ್ದು ಬಾಳಿ.

ಅಂಗಡಿಯವನೊಡನೆ ಮಾತಾಡಲು ಹೆದರಿ, ಉಪ್ಪಿನ ಪೊಟ್ಟಣ ತರಲಿಕ್ಕೂ ನಿನ್ನನ್ನೇ ಅಂಗಡಿಗೆ ಕಳಿಸಿದವನು ನಾನು. ಅದಕ್ಕೇ ಈಗಷ್ಟೇ ಶಾಫ್ಟನ್ನು ಗೋಣಿಯಲ್ಲಿ ಸುತ್ತಿ, ಹೆಗಲಿಗೇರಿಸಿಕೊಂಡು, ಹಿತ್ತಲ ಗೋಡೆಯ ಮುಂದೆ ನಿಂತು ಹೇಳಿ ನೋಡಿದೆ: "ಅಣ್ಣಾ, ಇದೇ ಥರದ್ದು, ಒಂದು ಗೇಣು ಉದ್ದದ್ದು ಬೇಕು." ಮೊದಲ ಸಲ ದನಿಯೇ ಬರಲಿಲ್ಲ. ಎರಡನೇ ಸಲಕ್ಕೆ ಪಕ್ಕದ ಮನೆಯ ನಾಯಿ ಬೊಗಳಿತು.

ಹೋಗಿ ಬರುತ್ತೇನೆ.

ನಿನ್ನ ತಮ್ಮ