ಸ್ವಿಚ್ಚು ಹಾಕದ ಪರೀಕ್ಷೆ

ಅಕ್ಕಾ,

ಕೆಮ್ಮು ನಿಂತಿದೆ, ನೀನು ಕಟ್ಟಿಕೊಟ್ಟ ಮಾತ್ರೆಯಲ್ಲಿ ಎರಡು ಉಳಿದಿವೆ. ಆದರೆ ಬೆಳಗಿನಿಂದ ಎದೆ ಡವಗುಟ್ಟುತ್ತಿದೆ, ಅದಕ್ಕೆ ಮಾತ್ರೆಯಿಲ್ಲ.

ಇಲ್ಲಿ ಲ್ಯಾಬಿನಲ್ಲಿ ಪರದೆಯೇ ಇಲ್ಲದ ನಲವತ್ತು ಕಂಪ್ಯೂಟರುಗಳನ್ನು ಕಪಾಟಿನಲ್ಲಿ ಪಾತ್ರೆಗಳ ಹಾಗೆ ಜೋಡಿಸಿಟ್ಟಿದ್ದಾರೆ, ಅದರಲ್ಲಿ ಒಂದು ನಮ್ಮ ಪರೀಕ್ಷೆಗೆ. ಯಂತ್ರದ ಒಳತಿರುಳಾದ ಕರ್ನೆಲ್ ಕ್ಷಣಕ್ಷಣಕ್ಕೂ ಏನು ಮಾಡಿತೆಂದು ಬರೆದಿಡುವ ದಿನಚರಿಗೆ ಟ್ರೇಸ್ ಎನ್ನುತ್ತೇವೆ. ಅದನ್ನು ಬರೆಯಲು ಹೋಗಿಯೇ ಯಂತ್ರ ಸಾಯುತ್ತಿತ್ತು. ನಾನೂ, ಎಲ್ಲರೂ ಗಡ್ಡದ ಮೇಷ್ಟ್ರು ಎನ್ನುವ ಇಲ್ಲಿನ ಹಿರಿಯರೂ ಮೂರು ದಿನ ತಲೆ ಕೆಡಿಸಿಕೊಂಡು ಕರ್ನೆಲ್ಲಿನ ಕೋಡಿನಲ್ಲಿ ಒಂದೇ ಒಂದು ಸಾಲು ತಿದ್ದಿದೆವು. ತಿದ್ದುಪಡಿಯ ಕೆಳಗೆ ಪರೀಕ್ಷಿಸಿದವರ ಹೆಸರು ಹಾಕುವುದು ನಮ್ಮಲ್ಲಿ ಪದ್ಧತಿ. ಆಸ್ಪತ್ರೆ, ರೈಲು ಎನ್ನದೆ ಈ ಕರ್ನೆಲ್ ಬಳಸುವ ಎಲ್ಲ ಕಡೆಯವರೂ ಆ ಹೆಸರನ್ನೇ ನಂಬುತ್ತಾರೆ.

"ಪರೀಕ್ಷೆ ಆಯ್ತೇನಮ್ಮಾ?" ಎಂದರು ಮೇಷ್ಟ್ರು ನಿನ್ನೆ.

"ಇಡೀ ದಿನ ಓಡಿಸ್ದೆ ಸರ್, ಗುಂಡುಕಲ್ಲಿನ ಹಾಗಿದೆ" ಎಂದೆ. ತಿದ್ದುಪಡಿಗೆ ನನ್ನ ಹೆಸರು ಹಾಕಿ ಕಳಿಸಿಯೇಬಿಟ್ಟರು.

ಇವತ್ತು ನೋಡುತ್ತೇನೆ, ಟ್ರೇಸಿನ ಸ್ವಿಚ್ಚನ್ನೇ ನಾನು ಹಾಕಿರಲಿಲ್ಲ! ದಿನಚರಿ ಬರೆಯದ ಯಂತ್ರ ಸಾಯುವುದಾದರೂ ಹೇಗೆ? ಗ್ಯಾಸ್ ಆರಿಸಿದೆಯಾ ಎಂದು ನೀನು ಹತ್ತು ಸಲ ಕೇಳಿದಾಗ ನಗುತ್ತಿದ್ದವಳು ನಾನು.

ಮೇಷ್ಟ್ರ ಮುಂದೆ ಇನ್ನೂ ಬಾಯಿ ಬಿಟ್ಟಿಲ್ಲ. ಈಗ ಸ್ವಿಚ್ಚು ಹಾಕಿ ಮತ್ತೆ ಓಡಿಸಿದ್ದೇನೆ. ಎದುರಿಗೆ ಕೂತು ನೋಡುವ ಧೈರ್ಯವಿಲ್ಲದೆ ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು ನಿನಗೆ ಬರೆಯುತ್ತಿದ್ದೇನೆ. ಸತ್ತ ಯಂತ್ರ ಮತ್ತೆ ಏಳುವಾಗ ಒಮ್ಮೆ ಪೀ ಎನ್ನುತ್ತದೆ. ಇಷ್ಟು ಹೊತ್ತೂ ಸದ್ದಿಲ್ಲ. ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು, ಭಾವನಿಗೆ ನಾನು

ಪೀ ಎಂದಿತು ಅಕ್ಕಾ.

"ಯಾವುದಮ್ಮಾ ಸತ್ತಿದ್ದು? ನಮ್ಮದಲ್ಲ ತಾನೇ?" ಮೇಷ್ಟ್ರು ಒಳಗಿನಿಂದ ಕೂಗುತ್ತಿದ್ದಾರೆ.

ನಿನ್ನ ತಂಗಿ