ಎರಡನೇ ಸಲ ಎತ್ತಿದ ಚೀಟಿ

ಡೊಂಬಿವಲಿ ಪೂರ್ವ
೧೨ ಜುಲೈ ೨೦೨೫

ಪ್ರೀತಿಯ ಅಣ್ಣಾ,

ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಅತ್ತಿಗೆಯ ಸಕ್ಕರೆ ಹತೋಟಿಗೆ ಬಂತೇ? ಉಡುಪಿಯಲ್ಲಿ ಮಳೆ ಜೋರಂತೆ, ಮೆಟ್ಟಿಲಲ್ಲಿ ಜೋಪಾನ. ಫೋನಿನಲ್ಲಾದರೆ ನೀನೊಬ್ಬನೇ ಮಾತಾಡುತ್ತೀ, ಅದಕ್ಕೇ ಈ ಕಾಗದ.

ವಾಶಿಯಲ್ಲಿ ನೀನು ಮಾಡಿದ ಭಾಷಣದ ವಿಡಿಯೋ ನೋಡಿದೆ. ಅಲ್ಲಿಯವರೆಗೆ ಬಂದವನಿಗೆ ತಂಗಿಯ ಮನೆಗೆ ಬರಲು ಪುರುಸೊತ್ತಾಗಲಿಲ್ಲ, ಇರಲಿ. ಗುರುತ್ವದ ಬಲ ಕೂದಲೆಳೆಯಷ್ಟು ಆಚೀಚೆಯಾಗಿದ್ದರೂ ನಕ್ಷತ್ರಗಳು ಹುಟ್ಟುತ್ತಿರಲಿಲ್ಲ, ಇಂಥ ವಿಶ್ವ ತಾನಾಗಿಯೇ ಆಗುವ ಸಂಭವನೀಯತೆ ಸೊನ್ನೆಗೆ ಸಮ, ಆದ್ದರಿಂದ ಯಾರೋ ಯೋಚಿಸಿಯೇ ಮಾಡಿದ್ದು ಎಂದೆ ನೀನು. ಜನ ಚಪ್ಪಾಳೆ ತಟ್ಟಿದರು. ಸಂಖ್ಯಾಶಾಸ್ತ್ರ ಕಲಿಸಿದ ಮೇಷ್ಟ್ರು ನೀನು, ನಾನು ಬಿ.ಕಾಂ. ಅರ್ಧಕ್ಕೆ ಬಿಟ್ಟವಳು. ಆದರೂ ಕೇಳುತ್ತೇನೆ: ಎಷ್ಟು ಟಿಕೆಟ್ ಅಚ್ಚಾಗಿವೆ ಎಂದು ಗೊತ್ತಿದ್ದರೆ ತಾನೇ ಲಾಟರಿಯ ಲೆಕ್ಕ? ನೀನು ನೋಡಿದ್ದು ಒಂದೇ ವಿಶ್ವ. ಕಲ್ಯಾಣದ ಲೋಕಲ್‌ನಲ್ಲಿ ಇವತ್ತು ನನ್ನನ್ನು ಒತ್ತಿ ನಿಂತ ಹೆಂಗಸರು ಅದೇ ಜಾಗದಲ್ಲಿ ಹಾಗೇ ಇನ್ನೊಮ್ಮೆ ಸೇರುವುದುಂಟೇ? ಹಾಗೆಂದು ನಮ್ಮನ್ನು ಯಾರೂ ಜೋಡಿಸಿ ನಿಲ್ಲಿಸಿರಲಿಲ್ಲ. ದೇವರಿಲ್ಲ ಎನ್ನುತ್ತಿಲ್ಲ ನಾನು, ಸಂಜೆ ದೀಪ ಹಚ್ಚುತ್ತೇನೆ. ನಿನ್ನ ಸೊನ್ನೆಗಳಿಂದ ಅವನು ಇದ್ದಾನೆಂದೂ ಆಗುವುದಿಲ್ಲ, ಇಲ್ಲವೆಂದೂ ಆಗುವುದಿಲ್ಲ, ಅಷ್ಟೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಸುಮ್ಮನಿರುತ್ತಿದ್ದೆ. ಕೊನೆಗೆ ನೀನು ಇವರ ಹೆಸರು ತೆಗೆದೆ. ಮಾರ್ಚ್‌ನಲ್ಲಿ ತಂಗಿಯ ಗಂಡ ಕಿಟ್ಟು ಕಾರ್ಖಾನೆಯ ಸ್ಫೋಟದಲ್ಲಿ ಹೋದದ್ದೂ ದೇವರ ಸಂಕಲ್ಪ, ಚೀಟಿಯಲ್ಲೇ ಬಂದಿತ್ತು ಎಂದೆ. ಆ ಚೀಟಿಯ ಕತೆಯನ್ನು ಸಭೆಗೆ ಪೂರ್ತಿ ಹೇಳಬೇಕಿತ್ತು ಅಣ್ಣಾ. ಕೆಲಸ ಬಿಟ್ಟು ಠಾಣೆಯ ಹೋಟೆಲಿನ ಗಲ್ಲೆಯಲ್ಲಿ ಹಣ ಎಣಿಸುತ್ತ ಕೂರಲೇ ಎಂದು ಇವರು ಕೇಳಿದಾಗ, 'ಬಿಡು', 'ಇರು' ಎಂದು ಬರೆದು, ಸುರುಳಿ ಸುತ್ತಿ, ದೇವರ ಮುಂದೆ ಹಾಕಿ, ನನ್ನ ಕೈಯಿಂದ ಎತ್ತಿಸಿದವನು ನೀನು. 'ಬಿಡು' ಬಂತು. "ನಿನ್ನ ಮನಸ್ಸು ಅಡಿಗೆಮನೆಯಲ್ಲಿ ಉಂಟು, ಕೈಕಾಲು ತೊಳ್ದು ಬಾ, ಇನ್ನೊಂದ್ಸರ್ತಿ ಎತ್ತು" ಎಂದೆ. ಎರಡನೇ ಸಲ 'ಇರು' ಬಂತು, ಅದು ದೇವರ ಮಾತಾಯಿತು. ನಿನಗೆ ಬೇಡವಾದದ್ದು ಆಕಸ್ಮಿಕ, ಬೇಕಾದದ್ದು ಸಂಕಲ್ಪ. ವಿಶ್ವದ ಲೆಕ್ಕವನ್ನೂ ನೀನು ಹೀಗೇ ಮಾಡಿದ್ದೀ ಎಂದು ನನ್ನ ಅನುಮಾನ.

ಕಂಪನಿಯ ಮ್ಯಾನೇಜರ್ "ಲಾಖೋಂ ಮೇ ಏಕ್ ಬಾರ್ ಹೋತಾ ಹೈ" ಎಂದ, ಲಕ್ಷಕ್ಕೊಮ್ಮೆ ಆಗುವಂಥದ್ದಂತೆ. ಅವನದೂ ಒಂದು ಲೆಕ್ಕ. "ವಾಲ್ವ್ ಲೀಕ್ ಉಂಟು ಅಂತ ಎಷ್ಟು ಸರ್ತಿ ಹೇಳುದು ಮಾರಾಯ್ತಿ" ಎಂದು ಇವರು ವಾರಗಟ್ಟಲೆ ಗೊಣಗಿದ್ದನ್ನು ಅವನೂ ಲೆಕ್ಕಕ್ಕೆ ಹಿಡಿಯಲಿಲ್ಲ, ನೀನೂ ಹಿಡಿಯಲಿಲ್ಲ. ನನಗೆ ನಿನ್ನ ಮೇಲೆ ಸಿಟ್ಟಿದೆ, ಬಹಳ ಸಿಟ್ಟಿದೆ.

ಅತ್ತಿಗೆಗೆ ನನ್ನ ನೆನಪು ಹೇಳು. ಬಿ.ಪಿ. ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ,
ಶ್ರೀಮತಿ

ತಾ.ಕ.: ಮಗಳು ಶ್ರೀವಾಣಿಗೆ ಅಪ್ಪನ ಬದಲಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ ಕೊಡುತ್ತಾರಂತೆ. ಚೀಟಿ ಹಾಕಿ ನೋಡು ಎಂದು ನೀನು ಅವಳಿಗೆ ಫೋನಿನಲ್ಲಿ ಹೇಳಿದ್ದು ನನಗೆ ಈಗಷ್ಟೇ ತಿಳಿಯಿತು. ಹಾಕಿದಳು. 'ಬೇಡ' ಬಂತು. "ಮಾವ ಹೇಳಿದ್ದಾರೆ, ಫಿರ್‌ಸೆ ತೆಗೀಬೇಕಂತೆ" ಎಂದು ಸ್ನಾನಕ್ಕೆ ಹೋಗಿದ್ದಾಳೆ. ಅಷ್ಟರಲ್ಲಿ ಮ್ಯಾನೇಜರಿಗೆ ಫೋನು ಮಾಡಿ, ನನ್ನ ಮಗಳು ಬರುವುದಿಲ್ಲ ಎಂದುಬಿಟ್ಟೆ. ಇದರಲ್ಲಿ ದೇವರನ್ನು ಹುಡುಕಬೇಡ. ನಾನೇ ಮಾಡಿದ್ದು.