ಬೆಣ್ಣೆಕುರ್ವೆಯ ಪೂರ್ವ ದಂಡೆ

ಅಘನಾಶಿನಿ ಅಳಿವೆ,
ನೀರೇರಿದ ಎಪ್ಪತ್ತೊಂದನೇ ವರ್ಷ, ಸಣ್ಣ ಭರತದ ಮೂರನೇ ದಿನ.
ನಿಮ್ಮ ಎಣಿಕೆಯಲ್ಲಿ ಕ್ರಿ.ಶ. 2194.

ಹಿರಿಯರೇ,

ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಚೇರಿ ಕಡತಗಳನ್ನು ಓದಿ ಕಲಿತವಳು. ಮಾತು ಕೆಲವೆಡೆ ಅರ್ಜಿಯ ಹಾಗೆ ಕೇಳಿಸಬಹುದು, ಕೆಲವೆಡೆ ನೀವು ಕೇಳದ ಪದ ನುಸುಳಬಹುದು. ಮನ್ನಿಸಿ ಓದಬೇಕು. ನನ್ನ ಹೆಸರು ಮಾದೇವಿ ಅಂಬಿಗ. ಇಲ್ಲಿಯ ಮದ್ದಿನಮನೆಯಲ್ಲಿ ಎಲೆಗಾರ್ತಿ. ಎಂದರೆ, ಗಿಡಮರಗಳ ಎಲೆ, ತೊಗಟೆಯಿಂದ ಸತ್ವ ತೆಗೆದು, ಅದರಲ್ಲಿ ರೋಗ ತಡೆಯುವ ಗುಣವಿದೆಯೇ ಎಂದು ಪರೀಕ್ಷೆ ಮಾಡುವವಳು.

ನಾವಿರುವುದು ಕಾಲ್ಮನೆಗಳಲ್ಲಿ, ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆಗೆ ಆ ಹೆಸರು. ನಿಮ್ಮ ಗದ್ದೆಗಳಿದ್ದ ಕಡೆ ಈಗ ಹೊಳೆ ಹರಡಿಕೊಂಡಿದೆ. ಶಾಲೆಯ ಗಂಟೆ ಹೊಡೆಯುವುದು ಗಡಿಯಾರ ನೋಡಿ ಅಲ್ಲ, ಭರತ ಇಳಿತ ನೋಡಿ. ಅಕ್ಕಿ ಮಾತ್ರ ಇನ್ನೂ ಕಗ್ಗವೇ, ಉಪ್ಪುನೀರಲ್ಲಿ ನಿಂತು ಬೆಳೆಯುವ ಕೆಂಪಕ್ಕಿ. ಹೆಚ್ಚಿನವರ ಕಸುಬು ಬಂಡೆಗಳಿಗೆ ಅಂಟಿ ಬೆಳೆಯುವ ಕಲ್ವ ಎಂಬ ಚಿಪ್ಪುಮೀನು ಕೀಳುವುದು. ಕಲ್ವದ ಚಿಪ್ಪು ಕತ್ತಿಯಷ್ಟೇ ಹರಿತ. ಆ ಗಾಯದಿಂದ ಮೈಗೆ ಇಳಿಯುವ ಒಂದು ಕ್ರಿಮಿಗೆ ಈ ಸೀಮೆಯ ಪ್ರತಿ ಮನೆಯೂ ಹೆದರುತ್ತದೆ. ಅದರಿಂದ ಬರುವುದನ್ನು ಕೆಸರುಜ್ವರ ಅನ್ನುತ್ತೇವೆ. ನಿಮ್ಮ ಕಾಲದಿಂದ ಉಳಿದು ಬಂದ ಯಾವ ಮಾತ್ರೆಗೂ ಯಾವ ಇಂಜೆಕ್ಷನ್ನಿಗೂ ಅದು ಜಗ್ಗುವುದಿಲ್ಲ.

ಒಂಬತ್ತು ವರ್ಷದ ಹಿಂದೆ ನನ್ನ ತಮ್ಮ ಬೊಮ್ಮಯ್ಯನ ಎಡಗಾಲಿಗೆ ಚಿಪ್ಪು ತಾಗಿತು. ಮುಳುಗಿ ಕಲ್ವ ತೆಗೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೂರನೇ ದಿನ ಮೊಣಕಾಲಿನವರೆಗೆ ಕಪ್ಪಿಟ್ಟಿತು. ಕಾಲು ತೆಗೆಯದಿದ್ದರೆ ಜೀವ ಉಳಿಯದು ಎಂದರು ವೈದ್ಯರು. ಅದೇ ವಾರ ನನ್ನ ಮೇಜಿನ ಮೇಲೆ ಒಂದು ಸಂಗತಿ ನಡೆದಿತ್ತು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಇನ್ನೂರಕ್ಕೂ ಹೆಚ್ಚು ಎಲೆ, ತೊಗಟೆ, ಬೇರು ಸೋತ ಮೇಲೆ, ಬೆಣ್ಣೆಕುರ್ವೆ ಎಂಬ ನಡುಗಡ್ಡೆಯ ಪೂರ್ವ ದಂಡೆಯಿಂದ ತಂದ ಉಪ್ಪಟಿ ಎಂಬ ಕಾಂಡ್ಲಾ ಮರದ ಎಲೆಯ ಸತ್ವ ಗಾಜಿನ ತಟ್ಟೆಯಲ್ಲಿ ಆ ಕ್ರಿಮಿಯನ್ನು ಕೊಂದಿತ್ತು.

ತಮ್ಮನಿಗೆ ಕೊಡಲೆಂದು ಆ ಸತ್ವದ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಿದ್ದೆ. ಮದ್ದಿನಮನೆಯ ಹಿರಿಯಳು ಗಂಗಕ್ಕ ಬಾಗಿಲಲ್ಲಿ ತಡೆದಳು.

"ತಟ್ಟೆಯಲ್ಲಿ ಕ್ರಿಮಿ ಸತ್ತರೆ ಅದು ಮದ್ದಾಯ್ತಾ, ಮಾದೇವಿ? ಸೋಪಿನ ನೀರು ಹಾಕಿದರೂ ಸಾಯ್ತದೆ. ಬೆಂಕಿ ಇಟ್ಟರೂ ಸಾಯ್ತದೆ."

"ಅವನು ನನ್ನ ತಮ್ಮ, ಗಂಗಕ್ಕಾ."

"ಅದಕ್ಕೇ ಹೇಳ್ತಿದ್ದೇನೆ. ಬೇರೆಯವರ ತಮ್ಮನಾಗಿದ್ದರೆ ಕೊಡ್ತಿದ್ದೆಯಾ?"

ಸೀಸೆಯನ್ನು ಕಪಾಟಿನಲ್ಲಿಟ್ಟು ಬಂದೆ. ಮರುದಿನ ಬೊಮ್ಮಯ್ಯನ ಕಾಲು ತೆಗೆದರು. ಮದ್ದು ಕೈಯಲ್ಲಿತ್ತು, ಅಕ್ಕ ಕೊಡಲಿಲ್ಲ ಎಂದು ಯಾರೋ ಅವನ ಕಿವಿಗೆ ಹಾಕಿದರು. ಹದಿನಾಲ್ಕು ತಿಂಗಳು ಅವನು ನನ್ನ ಜೊತೆ ಮಾತಾಡಲಿಲ್ಲ. ಒಂದೇ ಜಗಲಿಯಲ್ಲಿ ಕೂತು ಉಂಡು ಏಳುತ್ತಿದ್ದೆವು.

ಇಷ್ಟರಲ್ಲಿ ಪರೀಕ್ಷೆ ಮುಂದುವರಿದಿತ್ತು. ಆ ಸತ್ವ ಕೊಟ್ಟ ಇಲಿಗಳ ಗಾಯ ವಾಸಿಯಾಯಿತು. ಆದರೆ ಹತ್ತು ದಿನದೊಳಗೆ ಮೂತ್ರಪಿಂಡ ಕೆಟ್ಟು ಎಲ್ಲವೂ ಸತ್ತವು. ಒಂದೇ ಎಲೆಯಲ್ಲಿ ಕಾಯುವ ಅಂಶ, ಕೊಲ್ಲುವ ಅಂಶ ಎರಡೂ ಇದ್ದವು. ಆ ಸಂಜೆ ಜಗಲಿಗೆ ಬಂದು ಬೊಮ್ಮಯ್ಯನಿಗೆ ಇಲಿಗಳ ವಿಷಯವನ್ನಷ್ಟೇ ಹೇಳಿದೆ. ಅವನು ನನ್ನ ಕಡೆ ತಿರುಗಿ ಕೂತ.

"ಕಾಲು ಹೋದ್ದು ಹೋಯ್ತು, ಅಕ್ಕಾ," ಎಂದ. "ಮುಂದಿನವನಿಗೆ ಸರಿಯಾದ್ದು ಯಾವಾಗ ಕೊಡ್ತೀಯೆ?"

ಎರಡನ್ನೂ ಬೇರ್ಪಡಿಸಲು ನಾಲ್ಕು ವರ್ಷ ಹಿಡಿಯಿತು. ಕಾಯುವ ಅಂಶವನ್ನು ಮಾಡುವುದು ಉಪ್ಪಟಿ ಮರವಲ್ಲ, ಅದರ ಎಲೆಯೊಳಗೆ ಬದುಕುವ ಕಣ್ಣಿಗೆ ಕಾಣದ ಒಂದು ಬೂಷ್ಟು ಎಂಬುದೂ ಆಗ ತಿಳಿಯಿತು. ತಟ್ಟೆಯಲ್ಲಿ ಬೆಳೆಸಿದರೆ ಆ ಬೂಷ್ಟು ಬದುಕುತ್ತದೆ, ಮದ್ದು ಮಾಡುವುದಿಲ್ಲ. ಸಾಲಾಗಿ ನೆಟ್ಟ ಹೊಸ ಕಾಂಡ್ಲಾ ತೋಪುಗಳಲ್ಲಿ ಹುಡುಕಿದೆವು; ಅಲ್ಲಿ ಅದು ಇಲ್ಲವೇ ಇಲ್ಲ. ಹಲವು ಜಾತಿಯ ಮರಗಳು ಬೇರಿಗೆ ಬೇರು ಹೆಣೆದು ನಿಂತ ಹಳೆಯ ಕಾಡಿನಲ್ಲಿ ಮಾತ್ರ ಇದೆ. ನಮಗೆ ಉಳಿದಿರುವ ಅಂಥ ಕಾಡು ಒಂದೇ, ಬೆಣ್ಣೆಕುರ್ವೆಯ ಪೂರ್ವ ದಂಡೆ.

ಮೊದಲು ಮದ್ದು ಪಡೆದವಳು ಹನ್ನೊಂದು ವರ್ಷದ ತುಂಗೆ. ಅಂಗಾಲು ಕೊಯ್ದುಕೊಂಡಿದ್ದಳು. ನಾಲ್ಕನೇ ದಿನ ಜ್ವರ ಬಿಟ್ಟಿತು, ಮೂರನೇ ವಾರಕ್ಕೆ ಓಡಾಡಿದಳು. ಎಲ್ಲರಿಗೂ ಹೀಗಾಗುವುದಿಲ್ಲ. ತಡವಾಗಿ ಬಂದವರಲ್ಲಿ ಕೆಲವರನ್ನು ಕಳೆದುಕೊಂಡಿದ್ದೇವೆ. ಈವರೆಗೆ ನಲವತ್ತೆರಡು ಜನ ತಮ್ಮ ಕಾಲ ಮೇಲೆ ಮನೆಗೆ ನಡೆದು ಹೋಗಿದ್ದಾರೆ. ಎಲೆ ಕೊಯ್ಯುವ ಕೆಲಸ ಈಗ ಬೊಮ್ಮಯ್ಯನದು. ಮರದ ಕಾಲು ಕೆಸರಿನಲ್ಲಿ ಹೂತುಹೋಗುವುದರಿಂದ ದೋಣಿಯಲ್ಲೇ ಕೂತು ಕೊಯ್ಯುತ್ತಾನೆ. ಮರಕ್ಕೆ ಐದೆಲೆ, ಆರನೆಯದು ಕೇಳಿದರೆ ನನಗೂ ಬೈಗುಳ.

ಈ ಪತ್ರ ಯಾಕೆಂದರೆ, ಕಳೆದ ತಿಂಗಳು ನಿಮ್ಮ ಕಾಲದ ಒಂದು ಕೆಲಸದ ಪುಸ್ತಕ ಸಿಕ್ಕಿತು. ಬೆಣ್ಣೆಕುರ್ವೆಯ ಕಾಡನ್ನು ಸಿಗಡಿ ಹೊಂಡಕ್ಕಾಗಿ ಕಡಿದು ಸವರಿದ ದಿನಗಳದ್ದು. ಪಶ್ಚಿಮ ದಂಡೆ, ಪೂರ್ತಿ. ಉತ್ತರ ದಂಡೆ, ಪೂರ್ತಿ. ಆಮೇಲೆ ಬೇರೆ ಕೈಬರಹದಲ್ಲಿ ಒಂದು ಸಾಲು: "ಪೂರ್ವ ದಂಡೆ ಕಡಿಯುವುದು ಬೇಡವೆಂದು ಹೇಳಿ ಆಳುಗಳನ್ನು ವಾಪಸು ಕಳಿಸಿದೆ." ಕೆಳಗೆ ಹೆಸರಿಲ್ಲ, ಕಾರಣವೂ ಇಲ್ಲ.

ಆ ಸಾಲು ಬರೆದ ನೀವು ಯಾರೆಂದು ಹುಡುಕಿದೆವು, ಸಿಗಲಿಲ್ಲ. ಅದಕ್ಕಾಗಿ ನಿಮ್ಮ ಕಾಲದ ಎಲ್ಲರಿಗೂ ಬರೆಯುತ್ತಿದ್ದೇನೆ. ಆ ದಿನ ನಿಮಗೆ ಯಾರಾದರೂ ಬೈದಿರಬಹುದು, ಕೆಲಸವೂ ಹೋಗಿರಬಹುದು. ಆ ಮರಗಳಲ್ಲಿ ಏನಿದೆಯೆಂದು ನಿಮಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಪಶ್ಚಿಮ ದಂಡೆಯಲ್ಲಿ ಏನಿತ್ತೆಂದು ನಮಗೂ ಇನ್ನು ಗೊತ್ತಾಗುವುದಿಲ್ಲ.

ಈ ಪತ್ರ ತಲುಪುವಾಗ ಕಡಿಯುವ ಆಳುಗಳು ಇನ್ನೂ ದಂಡೆಗೆ ಬಂದಿಲ್ಲವಾದರೆ, ಅವರು ಬಂದ ದಿನ ವಾಪಸು ಕಳಿಸಲು ನೀವು ಅಲ್ಲಿರಬೇಕು, ದಯವಿಟ್ಟು ಮನೆಯಲ್ಲಿ ಉಳಿಯಬೇಡಿ.

ನಿಮ್ಮ,
ಮಾದೇವಿ